ನಡುಕಹರದ ಏಳು ಎಲೆ

ಏಳು ಗುಡ್ಡದಾಚೆ, ಏಳು ಹಳ್ಳದಾಚೆ ಒಂದು ಗಿಡವಿತ್ತಂತೆ. ಗಿಡಕ್ಕೆ ಏಳೇ ಏಳು ಎಲೆ. ರಾಜನ ಮಗಳಿಗೆ ಕೈನಡುಕ ಬಂದು, ಬಾಯಿಗೆ ಒಯ್ದ ತುತ್ತು ಮಡಿಲಿಗೆ ಬೀಳುವಂತಾದಾಗ, ಆ ಗಿಡದ ಎಲೆ ತಂದವರಿಗೆ ಅರ್ಧ ರಾಜ್ಯವೆಂದು ಡಂಗುರ ಸಾರಿದರಂತೆ. ಬಂದವರನ್ನೆಲ್ಲ ಗಿಡ ಒಂದೇ ಮಾತು ಕೇಳುತ್ತಿತ್ತಂತೆ: "ಯಾರಿಗಾಗಿ ಬಂದಿ?"

ಅಜ್ಜಿಯ ಕಥೆ ಇಲ್ಲಿಗೆ ಬರುವಷ್ಟರಲ್ಲಿ ದಾಕ್ಷಾಯಣಿಗೆ ನಿದ್ದೆ. ಪ್ರತಿ ಸಲವೂ ಅಷ್ಟೇ. ಯಾರು ಏನು ಉತ್ತರ ಕೊಟ್ಟರು, ರಾಜಕುಮಾರಿಯ ಕೈನಡುಕ ನಿಂತಿತೋ ಇಲ್ಲವೋ, ಅವಳಿಗೆ ತಿಳಿಯಲೇ ಇಲ್ಲ. ಈಗ ಕೇಳೋಣವೆಂದರೆ ಅಜ್ಜಿ ಇಲ್ಲ.

ಗಿಡ ಮಾತ್ರ ಇತ್ತು. ಏಳು ಗುಡ್ಡದಾಚೆಯೇನಲ್ಲ, ಬೆಟಗೇರಿಯಿಂದ ಒಂದು ಬಸ್ಸು, ಆಮೇಲೆ ಒಂದು ತಾಸಿನ ಏರು. ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆಲ್ಲ ಗಾಳಿಯಂತ್ರಗಳ ಬಿಳಿ ರೆಕ್ಕೆ ತಿರುಗುತ್ತಿದ್ದರೂ ಕಣವಿ ಗುಡ್ಡವೊಂದು ಬರಿದಾಗಿ ಉಳಿದಿತ್ತು. ಅದರ ಬೆನ್ನಿನಲ್ಲಿ, ಎರಡು ಕರಿಬಂಡೆಗಳ ಸಂದಿಯಲ್ಲಿ, ಮೊಳಕಾಲೆತ್ತರದ ಒಂದು ಒಣಕಲು ಗಿಡ. ಎಲೆಯ ಮೇಲ್ಭಾಗ ನುಣುಪು, ಅಡಿಯಲ್ಲಿ ಬೆಕ್ಕಿನ ಕಿವಿಯಂಥ ನವಿರು. ಊರವರು ಅದನ್ನು ನಡುಕಹರ ಎನ್ನುತ್ತಿದ್ದರು. ಸಸ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಅದಕ್ಕೆ ಹೆಸರಿರಲಿಲ್ಲ. ಬೀಜ ಬಿಡುತ್ತಿರಲಿಲ್ಲ, ಕಡ್ಡಿ ನೆಟ್ಟರೆ ಹತ್ತುತ್ತಿರಲಿಲ್ಲ. ಗುಡ್ಡದ ಕೆಳಗೆ ಮನೆ ಮಾಡಿಕೊಂಡಿದ್ದ ಫಕೀರವ್ವ, ಆಕೆಗೂ ಮೊದಲು ಆಕೆಯ ಅತ್ತೆ, ಅದನ್ನು ನೋಡಿಕೊಂಡು ಬಂದಿದ್ದರು. ಈ ವರ್ಷ ಬೇರು ಒಣಗತೊಡಗಿತ್ತು. ಶಿವರಾತ್ರಿಯ ಹೊತ್ತಿಗೆ ಉಳಿದಿದ್ದ ಎಲೆ, ದಾಕ್ಷಾಯಣಿ ಎರಡು ಸಲ ಎಣಿಸಿದಳು, ಏಳು.

"ನೋಡವಾ ತಂಗಿ," ಎಂದಳು ಫಕೀರವ್ವ, ಬಂಡೆಗೆ ಒರಗಿ ಕೂತು. "ನನಗ ಎಂಬತ್ತರ ಮ್ಯಾಲಾತು. ಈ ಗಿಡಕ್ಕ ಎಷ್ಟಾತೋ ಶಿವನs ಬಲ್ಲ. ಇಬ್ಬರೂ ಒಮ್ಮೆ ಹೊಂಟಿವಂದ್ರ ನಿಮ್ಮವ್ವನ ಕೈ ಯಾರು ಹಿಡೀತಾರ? ನೀ ಏನೋ ದೊಡ್ಡ ಮಷೀನ್ ಇಟಗೊಂಡಿ ಅಂತಲ್ಲ. ಇದರೊಳಗ ಇರೂದು ಏನು, ಅದರ ಹೆಸರು ಹಿಡಕೊಂಡು ಬಾ. ಮುಂಗಾರಿಗೆ ಮೊದಲ ಬಾ."

"ತರ್ತೀನಿ ಆಯಿ," ಎಂದು ದಾಕ್ಷಾಯಣಿ ಮಾತು ಕೊಟ್ಟಳು. ಅವಳಿಗೆ ಅದು ಹದಿನೈದು ದಿನದ ಕೆಲಸವೆನಿಸಿತ್ತು.

ಅವಳ ಅವ್ವ ಶಿವಲೀಲವ್ವ ಬೆಟಗೇರಿಯ ನೇಕಾರತಿ. ನಾಲ್ಕು ವರ್ಷದ ಹಿಂದೆ ಬಲಗೈ ನಡುಗತೊಡಗಿತು, ಆಮೇಲೆ ಎಡಗೈ. ಆಸ್ಪತ್ರೆಯ ಗುಳಿಗೆ ತಗೊಂಡರೆ ಕೈ ನಿಲ್ಲುತ್ತಿತ್ತು, ಆದರೆ ತಲೆ ತಿರುಗಿ ಇಡೀ ದಿನ ಹಾಸಿಗೆ. ಫಕೀರವ್ವನ ಒಂದು ಎಲೆಯನ್ನು ಮುಂಜಾನೆ ಬರಿಹೊಟ್ಟೆಯಲ್ಲಿ ಅಗಿದರೆ ಮಧ್ಯಾಹ್ನದ ಹೊತ್ತಿಗೆ ಎರಡೂ ಕೈ ತಣ್ಣಗೆ ನಿಲ್ಲುತ್ತಿದ್ದವು. ಒಂದು ಎಲೆಗೆ ಒಂದು ತಿಂಗಳು. ಆ ತಿಂಗಳಲ್ಲಿ ಅವ್ವ ಮಗ್ಗದ ಕುಣಿಗೆ ಇಳಿಯುತ್ತಿದ್ದಳು, ಲಾಳಿ ಓಡುತ್ತಿತ್ತು, ಮನೆ ಮನೆಯಂತಿರುತ್ತಿತ್ತು.

ಹಾಗಾಗಿ ಲೆಕ್ಕ ಸರಳ. ಪ್ರಯೋಗಾಲಯಕ್ಕೆ ಹೋದ ಪ್ರತಿ ಎಲೆಯೂ ಅವ್ವನ ಒಂದು ತಿಂಗಳು.

*

ದಾಕ್ಷಾಯಣಿ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಹೊಸದಾಗಿ ಬಂದದ್ದು ಅಣುಗನ್ನಡಿ. ಹಿಂದೆ ಗೊತ್ತಿಲ್ಲದ ಸಸ್ಯದೊಳಗಿನ ಒಂದು ಸಂಯುಕ್ತವನ್ನು ಗುರುತಿಸಲು ಮೂಟೆಗಟ್ಟಲೆ ಸೊಪ್ಪು, ವರ್ಷಗಟ್ಟಲೆ ತಾಳ್ಮೆ ಬೇಕಿತ್ತು. ಇದಕ್ಕೆ ಒಂದು ಹಸಿ ಎಲೆ ಸಾಕು. ಎಲೆಯ ರಸವನ್ನು ಕೂದಲಿಗಿಂತ ತೆಳುವಾದ ನಳಿಗೆಯಲ್ಲಿ ಹರಿಸಿ, ಒಳಗಿರುವ ಒಂದೊಂದು ಪದಾರ್ಥವನ್ನೂ ಬೇರೆ ಮಾಡಿ, ಒಡೆದು, ಅದು ಒಡೆದ ರೀತಿಯಿಂದ ಅಣುವಿನ ಚಿತ್ರವನ್ನು ಪರದೆಯ ಮೇಲೆ ಬಿಡಿಸುತ್ತಿತ್ತು. ಜಗತ್ತಿಗೆ ಮೊದಲೇ ಗೊತ್ತಿರುವ ಸಂಯುಕ್ತ ಹಸಿರು ಬಣ್ಣದಲ್ಲಿ, ಯಾರೂ ಕಂಡಿರದ್ದು ಕೆಂಪಿನಲ್ಲಿ. ಯಂತ್ರದ ಕಟ್ಟಳೆ ಒಂದೇ: ಎರಡು ಎಲೆಗಳಿಂದ ಒಂದೇ ಕೆಂಪು ಚಿತ್ರ ಬರಬೇಕು. ಆಗಲೇ ಅದಕ್ಕೆ ಹೆಸರು, ಆಮೇಲೆ ಗಾಜಿನ ಕುಪ್ಪಿಯಲ್ಲಿ ಅದನ್ನು ತಯಾರಿಸುವ ದಾರಿ.

ಅದನ್ನು ನಡೆಸುತ್ತಿದ್ದವಳು ಜುಬೇದಾ, ದಾಕ್ಷಾಯಣಿಯ ಓರಗೆಯವಳು, ಬಾಯಿಗೆ ಬೀಗವಿಲ್ಲದವಳು.

ಮೊದಲನೆಯ ಎಲೆಯನ್ನು ದಾಕ್ಷಾಯಣಿ ಮಾತು ಕೊಟ್ಟ ದಿನವೇ, ಮಟಮಟ ಮಧ್ಯಾಹ್ನ ಚಿವುಟಿ ತಂದಿದ್ದಳು. ಪರದೆಯ ತುಂಬ ಹಸಿರು. ಟ್ಯಾನಿನ್ನು, ಫ್ಲೇವನಾಯ್ಡು, ಮೇಣ, ಸಕ್ಕರೆ.

"ಏ ದಾಕ್ಷಾ, ಇದರಾಗ ಏನೂ ಇಲ್ಲವಾ. ನಮ್ಮ ಮನಿ ಮುಂದಿನ ಬೇವಿನ ತಪ್ಪಲದಾಗ ಇದಕ್ಕಿಂತ ಹೆಚ್ಚೈತಿ," ಎಂದಳು ಜುಬೇದಾ.

ದಾಕ್ಷಾಯಣಿ ಫಕೀರವ್ವನ ಹತ್ತಿರ ಹೋದಾಗ ಮುದುಕಿ ಸಿಟ್ಟಾಗಲಿಲ್ಲ, ನಕ್ಕಳು. "ಹೇಳದ ಕೇಳದ ಹರಕೊಂಡು ಹೋದಿ, ಅದು ಯಾಕ ಕೊಟ್ಟೀತು? ಹಿಂದಿನ ದಿನ ಸಂಜಿಮುಂದ ಹೋಗಿ ಹೇಳಿ ಬರಬೇಕು. 'ನಾಳೆ ಬರ್ತೀನಿ, ಇಂಥಾಕಿಗೆ ಬೇಕು' ಅಂತ. ಆಕಿ ಉಟ್ಟ ಸೀರಿದು ಒಂದು ಚೂರು ಟೊಂಗಿಗೆ ಕಟ್ಟಬೇಕು. ಮುಂಜಾನೆ ಸೂರ್ಯ ಹುಟ್ಟೂದರಾಗ ಮಾತಾಡದ ಚಿವುಟಬೇಕು."

ನಾಟಿ ವೈದ್ಯರಲ್ಲಿ ಗಿಡಕ್ಕೆ ಹೇಳಿ ಬರುವ ಪದ್ಧತಿ ಇರುವುದು ದಾಕ್ಷಾಯಣಿಗೆ ಗೊತ್ತಿತ್ತು. ಮುಂದಿನ ವಾರ ಅವ್ವ ತನ್ನ ತಿಂಗಳಿನ ಎಲೆಗೆಂದು ಗುಡ್ಡಕ್ಕೆ ಬಂದಾಗ, ಉಟ್ಟ ಸೀರೆಯ ಸೆರಗಿನಿಂದ ಎರಡು ಚೂರು ಹರಿದಳು. ಒಂದನ್ನು ಫಕೀರವ್ವ ಇಸಕೊಂಡು ಟೊಂಗೆಗೆ ಕಟ್ಟಿದಳು. ಪ್ರಯೋಗಾಲಯದ ಎಲೆಗಾಗಿ ಇನ್ನೊಂದನ್ನು ದಾಕ್ಷಾಯಣಿ ಇಸಕೊಂಡಳು. ದೇವರಂಥ ಗಿಡಕ್ಕೆ ಮೈಲಿಗೆ ಬಟ್ಟೆ ಕಟ್ಟುವುದು ಹೇಗೆಂದು, ಸಾಬೂನು ಹಚ್ಚಿ ಒಗೆದು, ನೆರಳಿನಲ್ಲಿ ಒಣಗಿಸಿ, ಮಡಿಯಿಂದ ಒಯ್ದು ಪಕ್ಕದ ಟೊಂಗೆಗೆ ಕಟ್ಟಿದಳು. ಮರುದಿನ ಮುಂಜಾನೆ ಎರಡು ಎಲೆ ಚಿವುಟಿದರು.

ಫಕೀರವ್ವನ ಎಲೆ ಅಗಿದು ಅವ್ವ ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದಾಗ ಕೈ ನಿಂತಿತ್ತು. ಕಪ್ಪಿನ ಚಹಾವನ್ನು ಬಸಿಯ ತುಂಬ ಸುರುವಿ ಮಗಳ ಮುಂದೆ ಹಿಡಿದಳು. ಒಂದು ಹನಿ ತುಳುಕಲಿಲ್ಲ.

ದಾಕ್ಷಾಯಣಿಯ ಎಲೆಯಲ್ಲಿ ಮತ್ತೆ ಹಸಿರು. ಬರೀ ಹಸಿರು.

ಒಂದೇ ಗಿಡ, ಒಂದೇ ಮುಂಜಾವು, ಒಂದು ಗೇಣಿನ ಅಂತರ. ಒಂದರಿಂದ ಕೈ ನಿಲ್ಲುತ್ತದೆ, ಇನ್ನೊಂದರಲ್ಲಿ ಬೇವಿನಷ್ಟೂ ಇಲ್ಲ. ದಾಕ್ಷಾಯಣಿ ಎರಡು ದಿನ ಅನ್ನದ ಮುಂದೆ ಕೂತು ಅನ್ನ ಮರೆತಳು. ಕೊನೆಗೆ ಒಂದು ಉತ್ತರ ಹೊಳೆದಾಗ ಅದು ಅವಳಿಗೇ ಬೇಡವೆನಿಸಿತು. ಔಷಧ ಎಲೆಯಲ್ಲಿಲ್ಲ, ಅವ್ವನ ನಂಬಿಕೆಯಲ್ಲಿದೆ. ಫಕೀರವ್ವ ಕೊಟ್ಟಳೆಂದರೆ ಸಾಕು, ಹುಣಸೆ ಚಿಗುರು ಅಗಿದರೂ ನಡುಕ ನಿಂತೀತು.

ಹಾಗಿದ್ದರೆ ಹುಡುಕುವುದಾದರೂ ಏನನ್ನು?

*

ಒಂದು ತಿಂಗಳು ಕಳೆಯಿತು. ಅವ್ವನ ಹೆಬ್ಬೆರಳು ಮತ್ತೆ ಅದುರತೊಡಗಿತು. ಆ ಸಲ ಅವ್ವನಿಗೆ ಜ್ವರ. ದಾಕ್ಷಾಯಣಿ ಒಬ್ಬಳೇ ಗುಡ್ಡಕ್ಕೆ ಹೋದಳು. ಫಕೀರವ್ವ ಬೀಗರ ಊರಿಗೆ ಹೋಗಿದ್ದಳು. ತೊಂದರೆಯೇನು, ಪದ್ಧತಿ ಗೊತ್ತಿದೆಯಲ್ಲ. ಅವ್ವನ ಸೀರೆಯ ಚೂರೊಂದನ್ನು ಒಗೆದು ಕಟ್ಟಿ, ಹೇಳಿ, ಮರುದಿನ ಮಾತಾಡದೆ ಚಿವುಟಿ ತಂದಳು.

"ಫಕೀರವ್ವ ಕೊಟ್ಟಾಳ ಏನ?" ಎಂದು ಅವ್ವ ಕೇಳಿದಳು.

"ಹೂನವಾ, ಆಕೀನs ಕೊಟ್ಟಾಳ."

ಅವ್ವ ಎಲೆಯನ್ನು ಕಣ್ಣಿಗೊತ್ತಿಕೊಂಡು ಅಗಿದಳು. ಮಧ್ಯಾಹ್ನವಾಯಿತು. ಜ್ವರ ಬಿಟ್ಟ ಹುರುಪಿನಲ್ಲಿ ಮಗ್ಗದ ಕುಣಿಗೆ ಇಳಿದು ಲಾಳಿ ಹೊಡೆದಳು. ಎರಡನೆಯ ಹೊಡೆತಕ್ಕೇ ಕೈ ಎಗರಿ ಲಾಳಿ ಉದ್ದಕ್ಕೆ ಬಿಗಿದ ಹಾಸಿನೆಳೆಗಳೊಳಗೆ ಮೂತಿ ತೂರಿಸಿತು. ನಲವತ್ತು ಎಳೆ ಒಟ್ಟಿಗೆ ಪಟಪಟನೆ ಹರಿದವು. ಆ ಸದ್ದು ದಾಕ್ಷಾಯಣಿಗೆ ಅಡಿಗೆಮನೆಗೇ ಕೇಳಿಸಿತು.

ಅವ್ವ ಹರಿದ ಎಳೆಗಳನ್ನು ಕೂಡಿಸಲು ನೋಡಿದಳು. ನಡುಗುವ ಬೆರಳಿಗೆ ಒಂದು ಎಳೆಯೂ ಸಿಗಲಿಲ್ಲ. "ಖರೆ ಹೇಳು. ಇದು ಯಾರು ಕೊಟ್ಟ ಎಲಿ?"

ದಾಕ್ಷಾಯಣಿ ಹೇಳಿದಳು. ತಾನು ಯೋಚಿಸಿದ್ದನ್ನೂ ಹೇಳಿದಳು.

"ಅಂದ್ರ ನನ್ನ ಕೈ ನಿಂತದ್ದು ನನ್ನ ಹುಚ್ಚುತನ ಅಂದಕೊಂಡಿ." ಅವ್ವ ಕುಣಿಯಿಂದ ಏಳಲಿಲ್ಲ. "ಆಕೀನs ಕೊಟ್ಟಾಳ ಅಂತ ನಾನೂ ನಂಬಿದ್ದೆನಲ್ಲ. ನಂಬಿಕಿಂದ ನಿಲ್ಲೂದಿದ್ರ ಇವತ್ತ ಯಾಕ ನಿಲ್ಲಲಿಲ್ಲ? ಹೇಳು, ಕಲತಾಕಿ."

ನಂಬಿಕೆ ಇತ್ತು, ಪದ್ಧತಿ ಇತ್ತು, ಎಲೆ ಇತ್ತು. ಆದರೂ ಕೈ ನಿಂತಿರಲಿಲ್ಲ. ದಾಕ್ಷಾಯಣಿಯ ತಲೆಯೊಳಗೆ ಗೋಜಲು ಹತ್ತಿದ ನೂಲಿನ ಉಂಡೆ. ಯಾವ ತುದಿ ಎಳೆದರೂ ಗಂಟು ಬಿಗಿಯುತ್ತಿತ್ತು. ಏಳರಲ್ಲಿ ನಾಲ್ಕು ಎಲೆ ಮುಗಿದಿದ್ದವು.

ಮೂರನೆಯ ದಿನ ಫಕೀರವ್ವನ ಮುಂದೆ ಕೂತು ಮೊದಲಿನಿಂದ ಎಲ್ಲ ಒಪ್ಪಿಸಿದಳು. ಮುದುಕಿ ಹೂಂಗುಟ್ಟುತ್ತ ಕೇಳಿದವಳು, ಒಂದು ಕಡೆ ತಡೆದಳು.

"ಬಟ್ಟಿ ಏನು ಮಾಡಿದಿ ಅಂದಿ?"

"ಒಗದು, ಒಣಗಿಸಿ, ಮಡಿಲೆ ಕಟ್ಟೀನಿ ಆಯಿ."

ಫಕೀರವ್ವ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಶಿವನs! ಒಗದ ಬಟ್ಟಿ ಯಾರದು? ಯಾರದೂ ಅಲ್ಲ. ಅಂಗಡ್ಯಾಗಿನ ಬಟ್ಟೀನೂ ಅದೂ ಒಂದs. ಗಿಡಕ್ಕ ಯಾರದಂತ ತಿಳಕೋಬೇಕು? ಮೈಮ್ಯಾಲಿಂದು ಕಟ್ಟಬೇಕವಾ, ಬೆವರ ಸಮೇತ!"

*

ಐದನೆಯ ಎಲೆ. ಅವ್ವ ಮೂರು ದಿನ ಉಟ್ಟ ಸೀರೆಯ ಚೂರು, ಒಗೆಯದೆ. ಅವ್ವನಿಗೆ ಆ ಎಲೆ ಬೇಕಿತ್ತು. ಆದರೂ ಪ್ರಯೋಗಾಲಯಕ್ಕೆ ಹೋಯಿತು. ದಾಕ್ಷಾಯಣಿ ಅವ್ವನ ಮುಖ ನೋಡಲಾರದೆ ಹೊರಟಿದ್ದಳು.

ಹಸಿರು, ಹಸಿರು, ಹಸಿರು. ಆಮೇಲೆ ಪರದೆಯ ಬಲ ಮೂಲೆಯಲ್ಲಿ ಒಂದು ಕೆಂಪು ಗೆರೆ ನೆಟ್ಟಗೆ ಎದ್ದಿತು.

"ಯಾ ಅಲ್ಲಾ," ಎಂದು ಜುಬೇದಾ ಕುರ್ಚಿಯಿಂದ ಎದ್ದುನಿಂತಳು.

ಅಣುಗನ್ನಡಿ ನಿಧಾನವಾಗಿ ಚಿತ್ರ ಬಿಡಿಸಿತು. ಪರಮಾಣುಗಳ ಮೂರು ಉಂಗುರ ಒಂದಕ್ಕೊಂದು ಅಂಟಿಕೊಂಡು, ಮೂಲೆಯಲ್ಲಿ ಒಂದು ಸಾರಜನಕ, ಅದರಿಂದ ಇಳಿಬಿದ್ದ ಒಂದು ಉದ್ದ ಬಾಲ. ಯಾರೂ ಕಂಡಿರದ ಅಣು.

ಇನ್ನೊಂದು ಎಲೆ, ಅದೇ ಚಿತ್ರ, ಅಷ್ಟಾದರೆ ಮುಗಿಯಿತು. ಇಬ್ಬರೂ ಗುಡ್ಡಕ್ಕೆ ಹೊರಟರು. ಬೆವರಿನ ಉಪ್ಪು ತಾಗಿದರೆ ಗಿಡ ಎಚ್ಚರಗೊಂಡು ಈ ಅಣುವನ್ನು ತಯಾರಿಸುತ್ತದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಅವ್ವನ ಸೀರೆಯ ಚೂರು ಕಳೆದೀತೆಂದು ಜುಬೇದಾ ಅದನ್ನು ತನ್ನ ಮುಂಗೈಗೇ ಸುತ್ತಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಗುಡ್ಡ ಏರಿದಳು. "ಬೆವರು ಬೇಕಲ್ಲ ಅದಕ್ಕ? ತಗೋ, ನಂದೂ ಒಂದು ಗಡಿಗಿ ಸೇರ್ಲಿ," ಎಂದು ನಗುತ್ತ ಅವಳೇ ಕಟ್ಟಿದಳು. ಕಟ್ಟುವಾಗ, "ಇಲ್ಲಿ ನೋಡು, ಒಂದು ಹುಳ ಎಲಿ ಕಡಿಯಾಕ ಬಂದು ಹಂಗs ಮಲಗೇತಿ," ಎಂದಳು. ಟೊಂಗೆಯ ಮೇಲೆ ಒಂದು ಕಂಬಳಿಹುಳ. ಮುಟ್ಟಿದರೆ ಮಿಸುಕಿತು, ಸತ್ತಿರಲಿಲ್ಲ. ಸುಮ್ಮನೆ ಕೂತಿತ್ತು.

ಆರನೆಯ ಎಲೆಯಲ್ಲೂ ಕೆಂಪು ಗೆರೆ ಎದ್ದಿತು. ಬೇರೆ ಜಾಗದಲ್ಲಿ.

ಮೂರು ಉಂಗುರ ಅವೇ. ಸಾರಜನಕ ಅಲ್ಲೇ. ಬಾಲ ಬೇರೆ: ಗಿಡ್ಡ, ತುದಿಯಲ್ಲಿ ಕವಲು. ಮಾಸಲು ಗೆರೆಯಲ್ಲಿ ಹಳೆಯ ಉದ್ದ ಬಾಲದ ಅಣುವೂ ಇತ್ತು, ಇದ್ದೂ ಇಲ್ಲದಷ್ಟು.

ಯಂತ್ರ ಕೆಟ್ಟಿದೆಯೆಂದು ಜುಬೇದಾ ನಳಿಗೆ ತೊಳೆದಳು, ಹಳೆಯ ಮಾದರಿ ಹಾಕಿ ನೋಡಿದಳು. ಯಂತ್ರ ಸರಿಯಿತ್ತು. ಸಂಜೆಯವರೆಗೆ ಇಬ್ಬರೂ ಎರಡು ಚಿತ್ರಗಳನ್ನು ಗೋಡೆಗೆ ಅಂಟಿಸಿ ಎದುರಿಗೆ ಕೂತರು. ಚಹಾ ಬಂತು, ಆರಿತು.

ಆಮೇಲೆ ಜುಬೇದಾ ಒಂದು ಹತ್ತಿಯ ಉಂಡೆಯನ್ನು ತನ್ನ ಮುಂಗೈಗೆ ಒರೆಸಿ ಯಂತ್ರಕ್ಕೆ ಹಾಕಿದಳು. ಮನುಷ್ಯರ ಚರ್ಮ ಸಾವಿರ ಬಗೆಯ ಎಣ್ಣೆ ಬಿಡುತ್ತದೆ. ಒಬ್ಬೊಬ್ಬರದು ಒಂದೊಂದು ಬೆರಕೆ. ಪರದೆಯ ಮೇಲೆ ಬಿದ್ದ ನೂರಾರು ಹಸಿರು ಗೆರೆಗಳ ನಡುವೆ, ಗಿಡ್ಡದೊಂದು, ತುದಿಯಲ್ಲಿ ಕವಲು.

"ಇದು ನಾನು," ಎಂದಳು ಜುಬೇದಾ, ಗೋಡೆಯ ಚಿತ್ರದ ಬಾಲ ತೋರಿಸಿ. ಅವಳ ದನಿಯಲ್ಲಿ ನಗು ಇರಲಿಲ್ಲ.

ದಾಕ್ಷಾಯಣಿ ಮನೆಗೆ ಓಡಿ ಅವ್ವನ ಕತ್ತಿನ ಹಿಂದೆ ಹತ್ತಿ ಒರೆಸಿಕೊಂಡು ಬಂದಳು. ಉದ್ದ ಬಾಲವೂ ಸಿಕ್ಕಿತು. ನಡುಕದ ರೋಗ ಬಂದವರ ಮೈಯೆಣ್ಣೆಯಲ್ಲಿ ಬದಲಾವಣೆಯಾಗುವುದನ್ನು ಅವಳು ಎಲ್ಲೋ ಓದಿದ್ದಳು.

"ಆ ಹುಳ ನೆನಪೈತಿ?" ಎಂದಳು ಜುಬೇದಾ. "ಗಿಡ ತನ್ನ ತಿನ್ನಾಕ ಬಂದವರ ವಾಸನಿ ಹಿಡೀತದ. ಆ ನವಿರು ಇರೂದು ಅದಕ್ಕs. ವಾಸನೀನ ತನ್ನ ಉಂಗುರಕ್ಕ ಪೋಣಿಸಿ, ಅವರ ಕೈಕಾಲು ಅಷ್ಟs ಸುಮ್ಮನಾಗೂವಂಥಾದ್ದು ತಯಾರು ಮಾಡ್ತದ. ಹುಳಕ್ಕ ಹುಳದ್ದು, ನಿಮ್ಮವ್ವಗ ನಿಮ್ಮವ್ವಂದು. ಅದು ಔಷಧ ಕೊಡಾಕತ್ತಿಲ್ಲ ದಾಕ್ಷಾ, ತನ್ನ ಜೀವ ಉಳಿಸಿಕೊಳ್ಳಾಕತ್ತೈತಿ."

ದಾಕ್ಷಾಯಣಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಂದು ವಸ್ತುವಿನ ಹೆಸರು ತರುತ್ತೇನೆಂದು ಹೊರಟವಳಿಗೆ ಎಷ್ಟು ಜನವೋ ಅಷ್ಟು ವಸ್ತು ಸಿಕ್ಕಿದ್ದವು. ಯಾವುದನ್ನು ನಡುಕಹರದ ಸತ್ವ ಎನ್ನುವುದು? ಅವ್ವ ಕಣ್ಣಿಗೊತ್ತಿಕೊಳ್ಳುವ ಎಲೆ ಅವ್ವನನ್ನು ಹುಳವೆಂದು ತಿಳಿದಿದೆಯೇ?

ಅವ್ವನಿಗೆ ಇದನ್ನೆಲ್ಲ ಹೇಳಿದಾಗ ಆಕೆಗೆ ಅಂಥ ಗೊಂದಲವೇನೂ ಆಗಲಿಲ್ಲ. "ಹಾಸು ಗಿಡದ್ದು, ಹೊಕ್ಕು ನಂದು. ಅಷ್ಟs ಅಲ್ಲೇನ? ಹಾಸು ಒಂದs ಇದ್ರೂ ಅಡ್ಡ ಹಾಯೂ ಹೊಕ್ಕು ಬದಲಿ ಮಾಡಿದ್ರ ಅರಿವಿ ಬ್ಯಾರೆ ಬರ್ತದ. ಇದಕ್ಕ ಎರಡು ತಿಂಗಳು ಓದಬೇಕಿತ್ತೇನು?"

*

ಮೇ ಕೊನೆ. ಉಳಿದದ್ದು ಒಂದು ಎಲೆ. ಗಿಡದ ಕಾಂಡ ಬುಡದಿಂದ ಕಪ್ಪಾಗಿತ್ತು. ಮುಂಗಾರು ಬಂದರೂ ಇದು ಚಿಗುರುವುದಿಲ್ಲವೆಂದು ಫಕೀರವ್ವ ಉಗುರಿನಿಂದ ತೊಗಟೆ ಕೆರೆದು ನೋಡಿ ಹೇಳಿದಳು.

ಆ ಸಂಜೆ ಚೂರು ಕಟ್ಟಲಿಲ್ಲ. ಶಿವಲೀಲವ್ವ ತಾನೇ ಗುಡ್ಡ ಏರಿ ಬಂದು, ಬಂಡೆಯ ಸಂದಿಯಲ್ಲಿ ಗಿಡದ ಪಕ್ಕ ಕೂತು, ನಡುಗುವ ಎರಡು ಕೈಯಲ್ಲಿ ಟೊಂಗೆ ಹಿಡಿದುಕೊಂಡಳು. ಟೊಂಗೆಯೂ ಅವಳ ಜೊತೆ ನಡುಗಿತು. ಸೂರ್ಯ ಗಾಳಿಯಂತ್ರಗಳ ಹಿಂದೆ ಇಳಿಯುವವರೆಗೂ ಕೂತಿದ್ದಳು. ಮರುದಿನ ಮುಂಜಾನೆ ಫಕೀರವ್ವ ಚಿವುಟಿದ ಎಲೆ ಅವ್ವನ ಅಂಗೈ ಮೇಲಿತ್ತು.

ಸೂರ್ಯ ಹುಟ್ಟಿದ ಮೇಲೆಯೇ ಮಾತು. ದಾಕ್ಷಾಯಣಿ ಹೇಳಿದಳು: "ಅವ್ವ, ನೀ ತಿಂದ್ರ ಒಂದು ತಿಂಗಳು ಕೈ ನಿಲ್ತದ. ಮಷೀನಿಗೆ ಹಾಕಿದ್ರ ಮೊದಲಿನ ಚಿತ್ರಾನೇ ಬರ್ತದಂತ ಹೇಳಾಕಾಗೂದಿಲ್ಲ. ಗಿಡ ಸಾಯಾಕತ್ತೈತಿ. ನೀನೂ ಜ್ವರ ಬಂದು ಎದ್ದಾಕಿ, ಮೈ ಬದಲಾಗಿರಬಹುದು. ಬರಲಿಲ್ಲಂದ್ರ ಎಲೀನೂ ಹೋತು, ಹೆಸರೂ ಹೋತು. ನನಗ ತಿಳಿವಲ್ದು."

"ನಿನಗ ಯಾವತ್ತ ತಿಳದೈತಿ," ಎಂದಳು ಅವ್ವ. ಎಲೆಯನ್ನು ಮೂಸಿದಳು. ಎಷ್ಟು ಹೊತ್ತು ಮೂಸಿದಳೆಂದರೆ ಈಗ ಬಾಯಿಗೆ ಹಾಕಿಕೊಳ್ಳುತ್ತಾಳೆಂದೇ ದಾಕ್ಷಾಯಣಿ ತಿಳಿದಳು. ಹಾಕಿಕೊಳ್ಳಲಿ ಎಂದೂ ಒಂದು ಗಳಿಗೆ ಬಯಸಿದಳು. "ಒಂದು ತಿಂಗಳ ಕೈ ಇಟಗೊಂಡು ಏನು ನೇಯಲಿ, ಅರ್ಧ ಸೀರಿ? ತಗೊಂಡು ನಡಿ. ಬಾಡೂದರಾಗ ನಡಿ."

ಪ್ರಯೋಗಾಲಯದಲ್ಲಿ ಅವ್ವ ಕುರ್ಚಿಯ ತುದಿಯಲ್ಲಿ ಕೂತು, ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಜುಬೇದಾ ಎಲೆ ಅರೆದಳು. ರಸ ನಳಿಗೆಗೆ ಇಳಿಯಿತು. ಹಸಿರು ಗೆರೆಗಳು ಒಂದೊಂದಾಗಿ ಎದ್ದವು. ಕೆಂಪು ಬರಬೇಕಾದ ಹೊತ್ತು ಬಂತು, ಬರಲಿಲ್ಲ. ದಾಟಿತು. ಜುಬೇದಾ ದಾಕ್ಷಾಯಣಿಯ ಕಡೆ ನೋಡಲಿಲ್ಲ.

ಅರ್ಧ ನಿಮಿಷ ತಡವಾಗಿ ಕೆಂಪು ಗೆರೆ ಎದ್ದಿತು, ಸೊರಗಿದ್ದು, ಮೊದಲಿನ ಕಾಲು ಭಾಗವೂ ಇಲ್ಲ.

"ತಡ ಯಾಕ?" ಎಂದಳು ದಾಕ್ಷಾಯಣಿ. "ಬ್ಯಾರೇದೇನು ಇದು?"

"ಬಾಯಿ ಮುಚ್ಚು. ಬಿಡಸಲಿ ತಡಿ."

ಒಂದು ಉಂಗುರ. ಎರಡು. ಮೂರು. ಸಾರಜನಕ. ಬಾಲ ಇಳಿಯತೊಡಗಿತು. ಜುಬೇದಾ ಬೆರಳಿಟ್ಟು ಎಣಿಸಿದಳು, ದಾಕ್ಷಾಯಣಿ ಮನಸ್ಸಿನಲ್ಲೇ ಎಣಿಸಿದಳು, ಇಬ್ಬರ ಲೆಕ್ಕವೂ ತಪ್ಪಿತು, ಮತ್ತೆ ಮೊದಲಿನಿಂದ. ಕೊನೆಗೆ ಯಂತ್ರವೇ ಹಳೆಯ ಚಿತ್ರವನ್ನು ತಂದು ಹೊಸದರ ಮೇಲಿಟ್ಟಿತು. ಒಂದು ಗೆರೆಯೂ ಹೊರಗೆ ಉಳಿಯಲಿಲ್ಲ. ತಡವಾದದ್ದು ಯಾಕೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.

"ಬಂತೇನ?" ಎಂದು ಅವ್ವ ಕೇಳಿದಳು.

"ಬಂತವಾ," ಎಂದಳು ದಾಕ್ಷಾಯಣಿ.

*

ಮುಂಗಾರಿನ ಮೊದಲ ಮೋಡ ಪಡುವಣದಲ್ಲಿ ಕಟ್ಟುತ್ತಿದ್ದ ದಿನ ತಾಯಿ ಮಗಳು ಫಕೀರವ್ವನ ಮನೆಯ ಕಟ್ಟೆಗೆ ಬಂದರು. ಜುಬೇದಾ ಆಗಲೇ ಕುಪ್ಪಿಗಳನ್ನು ಜೋಡಿಸಿ ಮೊದಲ ಉಂಗುರ ಕಟ್ಟಲು ಶುರುಮಾಡಿದ್ದಳು. ಇನ್ನೆಷ್ಟು ದಿನವೋ, ಮೊದಲ ಸಲಕ್ಕೇ ಕೂಡುತ್ತದೋ ಇಲ್ಲವೋ. ಅಲ್ಲಿಯವರೆಗೆ ಅವ್ವನ ಕೈ ನಡುಗುತ್ತಲೇ ಇರುತ್ತದೆ.

"ತಂದ್ಯಾ?" ಎಂದಳು ಫಕೀರವ್ವ.

ದಾಕ್ಷಾಯಣಿ ಹೆಸರು ಹೇಳಿದಳು. ರಸಾಯನಶಾಸ್ತ್ರದ ಹೆಸರು, ಉಸಿರು ಹಿಡಿದು ಹೇಳಬೇಕಾದಷ್ಟು ಉದ್ದ. ಫಕೀರವ್ವ ಮೂರು ಸಲ ಹೇಳಿಸಿದಳು, ನಾಲ್ಕನೆಯದಕ್ಕೆ ತಾನೇ ಹೇಳಲು ಹೋಗಿ ಅರ್ಧಕ್ಕೆ ಕೈಬಿಟ್ಟಳು. "ನನ್ನ ಬಾಯಾಗ ಬರವಲ್ದು. ಬರದು ತೋರಿಸು."

ದಾಕ್ಷಾಯಣಿ ಸುಣ್ಣದ ಕಲ್ಲಿನಿಂದ ಕಟ್ಟೆಯ ಮೇಲೆ ಬರೆದಳು. "ಇವು ಮೂರು ಉಂಗುರ ಗಿಡದವು ಆಯಿ. ಯಾರಿಗೆ ಕೊಟ್ರೂ ಇವು ಇವೇ." ಆಮೇಲೆ ಬಾಲ ಎಳೆದಳು. "ಇಲ್ಲಿಂದ ಇಲ್ಲೀತನಕ ಅವ್ವ. ಇನ್ನೊಬ್ಬರಿಗೆ ಬೇಕಂದ್ರ ಇಷ್ಟನ್ನ ಬದಲಿ ಮಾಡಬೇಕು. ಅದು ಹೆಂಗಂತ ನನಗ ಇನ್ನೂ ತಿಳದಿಲ್ಲ."

ಶಿವಲೀಲವ್ವ ಬಗ್ಗಿ ನೋಡಿದಳು. ನಡುಗುವ ಬೆರಳನ್ನು ಆ ಗೆರೆಯ ಉದ್ದಕ್ಕೂ ಒಯ್ದಳು. ಸುಣ್ಣ ಅಲ್ಲಲ್ಲಿ ಅಳಿಸಿತು.

"ಇಷ್ಟs ಏನ ನಾನು?" ಎಂದಳು.

"ಇಷ್ಟು ಸಾಕಾತಲ್ಲವಾ ಅದಕ್ಕ," ಎಂದಳು ಫಕೀರವ್ವ. ಇನ್ನೊಮ್ಮೆ ಚಿತ್ರವನ್ನು ದಿಟ್ಟಿಸಿ, ಮಂಡಿಗೆ ಕೈಯೂರಿ ಎದ್ದಳು. "ಆತು ತಂಗಿ. ಕೊಟ್ಟ ಮಾತು ಮುಟ್ಟಿತು."